ಫಿಗಾರಿ ದಾಟಿದ ಮೇಲೆ

ಓಲ್ಬಿಯಾ ರೇವಿನಿಂದ ರಾತ್ರಿ ಹತ್ತಕ್ಕೆ ಹೊರಡುತ್ತದೆ ಹಡಗು.
ಫಿಗಾರಿ ಭೂಶಿರ ದಾಟಿದರೆ
ಫೋನಿಗೆ ಜೀವವಿಲ್ಲ.
ಅಲ್ಲಿಂದ ಲಿವೋರ್ನೋವರೆಗೆ
ನಾನು, ಎರಡು ಡೀಸೆಲ್ ಎಂಜಿನ್, ಇಪ್ಪತ್ತಾರು ಮುಳ್ಳು.

ಮುಳ್ಳು ಓದುವುದು ನನ್ನ ಕೆಲಸ.
ಎಣ್ಣೆಯ ಒತ್ತಡ, ನೀರಿನ ಬಿಸಿ,
ಯಾವುದು ಕೆಂಪಿನತ್ತ ವಾಲುತ್ತಿದೆ ಎಂದು
ಬೆನ್ನು ತಿರುಗಿಸಿ ನಿಂತರೂ ತಿಳಿಯುತ್ತದೆ.

ಬೊನಾರಿಯಾ,
ಇಪ್ಪತ್ತೇಳನೆಯ ಮುಳ್ಳು ನೀನು.

ನಿನ್ನ ತೋಳಿನ ಮೇಲೆ ನಾಣ್ಯದಗಲದ ಬಿಳಿ ಬಿಲ್ಲೆ,
ಅದರೊಳಗೆ ಕೂದಲಿನಂಥ ತಂತಿ.
ಐದೈದು ನಿಮಿಷಕ್ಕೆ ಅದು ನಿನ್ನ ಸಕ್ಕರೆಯನ್ನು
ನಿನಗೆ ಹೇಳುತ್ತದೆ, ಆಮೇಲೆ ನನಗೂ.

ಕೋರ್ಟು ನಮ್ಮನ್ನು ಬೇರೆ ಮಾಡಿತು ಮಾರ್ಚಿನಲ್ಲಿ.
ಮನೆ ನಿನಗೆ, ಗೇರು ಕೆಟ್ಟ ಫಿಯಟ್ ನನಗೆ,
ನಾಯಿ ನಿನ್ನ ತಮ್ಮನಿಗೆ.
ಬಿಲ್ಲೆಯ ಮಾತನ್ನು ಯಾವ ವಕೀಲನೂ ಎತ್ತಲಿಲ್ಲ.
ನನ್ನ ಹೆಸರು ಅಳಿಸಲು ಮರೆತೆಯೋ,
ಮರೆತವಳಂತೆ ಇದ್ದೆಯೋ,
ನಾನು ಕೇಳಲಿಲ್ಲ.
ಕೇಳಿದರೆ ನೆನಪಿಸಿದಂತಾಗುತ್ತದಲ್ಲ.

ಬೆಳಿಗ್ಗೆ ಏಳಕ್ಕೆ ಲಿವೋರ್ನೋ.
ಮೆಟ್ಟಿಲೇರಿ ಡೆಕ್ಕಿಗೆ ಬರುತ್ತಿದ್ದಂತೆ ಜೇಬು ನಡುಗುತ್ತದೆ,
ರಾತ್ರಿಯಿಡೀ ತಡೆದುಕೊಂಡ ಅಲಾರಾಂಗಳೆಲ್ಲ
ಒಂದರ ಮೇಲೊಂದು ಬಿದ್ದು:
ಮೂರು ಹತ್ತಕ್ಕೆ ಐವತ್ತೆಂಟು, ಕೆಳಮುಖದ ಬಾಣ.
ಮೂರೂವರೆಗೆ ನಲವತ್ತೊಂಬತ್ತು.
ಮೂರು ಐವತ್ತಕ್ಕೆ ಎಪ್ಪತ್ತೆರಡು.

ನಡುವೆ ಏನಾಯಿತೆಂದು ಬಲ್ಲೆ.
ಬೇಕರಿಯ ಒಲೆಯ ಮುಂದೆ, ಉಬ್ಬಿದ ರೊಟ್ಟಿಯನ್ನು
ಹಪ್ಪಳದಷ್ಟು ತೆಳ್ಳಗೆ ಸೀಳುತ್ತ
ಕೈ ನಡುಗಿರಬೇಕು ನಿನಗೆ.
ಹಿಟ್ಟಿನ ಕೈಯಲ್ಲೇ ಜೇನಿನ ಶೀಶೆ ತಡಕಿರಬೇಕು,
ಪಕ್ಕದವರ ಮೇಲೆ ರೇಗಿರಬೇಕು.
ಸಕ್ಕರೆ ಇಳಿದಾಗ ನಿನಗೆ ರೇಗಲು ಯಾರಾದರೂ ಬೇಕು.
ಒಂಬತ್ತು ವರ್ಷ ಆ ನೌಕರಿ ನನ್ನದಾಗಿತ್ತು.

ಜಾತಕ ನೋಡುವವರ ಹಾಗೆ ನೋಡುತ್ತೇನೆ ನಿನ್ನ ಗೆರೆಯನ್ನು.
ಭಾನುವಾರದ ಗುಡ್ಡ ಅಂದರೆ ತವರು,
ಚೀಸ್ ತುಂಬಿ ಕರಿದ ಕಡುಬು, ಮೇಲೆ ಜೇನು.
ಮಂಗಳವಾರದ ಏರು ಅಂದರೆ ಜ್ವರ, ಇಲ್ಲವೇ ಅತ್ತಿದ್ದೀಯ.
ಮೊನ್ನೆ ಸಂಜೆ ಗೆರೆ ಮೆಲ್ಲಗೆ, ತುಂಬಾ ಮೆಲ್ಲಗೆ ಇಳಿಯಿತು:
ಯಾರ ಜೊತೆಗೋ ನಡೆದಿದ್ದೀಯ ದಂಡೆಗುಂಟ, ಒಂದೂವರೆ ಗಂಟೆ.
ಒಬ್ಬಳೇ ಆದರೆ ನೀನು ಬಿರುಸಾಗಿ ನಡೆಯುವವಳು.
ಹೊಟ್ಟೆಕಿಚ್ಚನ್ನು ಅಳೆಯುವ ಬಿಲ್ಲೆ ಇದ್ದಿದ್ದರೆ
ಆ ಸಂಜೆ ನನ್ನ ತೋಳು ಊರೆಲ್ಲ ಕೇಳುವಂತೆ ಕಿರಿಚುತ್ತಿತ್ತು.

ಕೊನೆಯ ಜಗಳದಲ್ಲಿ ಅಡುಗೆಮನೆಯ ಬಾಗಿಲಿಗೊರಗಿ ಅಂದಿದ್ದೆ:
"ಒಳಗೆ ಬಂದವನು ಮೊದಲು ಫೋನು ನೋಡುತ್ತೀ,
ಆಮೇಲೆ ಮುಖ.
ನಾನೇನು ನಿನ್ನ ಬಾಯ್ಲರಾ, ಗವೀನೋ?"
ನಾನು ತುಟಿ ಬಿಚ್ಚಲಿಲ್ಲ.
ಆಗ ಇನ್ನೂರ ಹನ್ನೊಂದಿತ್ತು, ಏರುತ್ತಿತ್ತು.
ಕೋಪ ನಿನ್ನದೋ ಸಕ್ಕರೆಯದೋ ಎಂದು
ಲೆಕ್ಕ ಹಾಕುತ್ತಿದ್ದೆ.

ಹೋದ ಗುರುವಾರ ಗೆರೆ ನಿಂತಿತು.
ಅಂಕಿಯ ಜಾಗದಲ್ಲಿ ಎರಡು ಅಡ್ಡಗೀಟು.
ಗಂಟಲೊಣಗಿ ನಾನು ನಂಬರು ಒತ್ತುವ ಮೊದಲೇ
ನಿನ್ನ ಸಂದೇಶ: "ಆಸ್ಪತ್ರೆಯಲ್ಲಿ ಬೇರೆ ಕಂಪನಿಯದು ಕೊಟ್ಟಿದ್ದಾರೆ.
ಹಳೆಯದು ಇನ್ನು ಮಾತಾಡುವುದಿಲ್ಲ. ಗಾಬರಿಯಾಗಬೇಡ."
ಹೊಸದಕ್ಕೆ ನೀನು ಕರೆಯಬೇಕು.
ಕರೆಯಲಿಲ್ಲ.

ಮೂರು ರಾತ್ರಿ ಎಂಜಿನ್ ಕೋಣೆಯಲ್ಲಿ
ಇಪ್ಪತ್ತಾರೂ ಮುಳ್ಳು ಇರಬೇಕಾದಲ್ಲಿದ್ದವು.
ಆದರೂ ಎದ್ದೆದ್ದು ನೋಡಿದೆ,
ಗಾಜಿನ ಮೇಲೆ ಬೆರಳಲ್ಲಿ ತಟ್ಟಿದೆ.

ಇವತ್ತು ಹಗ್ಗ ಬಿಚ್ಚುವಾಗ ಮೆಟ್ಟಿಲ ತುದಿಯಲ್ಲಿ ಕೂತು
"ಎಷ್ಟಿದೆ?" ಎಂದು ಬರೆದೆ.
ಅಳಿಸಿದೆ.
"ಹೇಗಿದ್ದೀಯ?" ಎಂದು ಬರೆದೆ.
ಎಷ್ಟು ಸಲ ಕೇಳಿಲ್ಲ ಇದನ್ನು,
ಜೇಬಿನಲ್ಲಿ ಉತ್ತರ ಇಟ್ಟುಕೊಂಡು!
ಏನೂ ಗೊತ್ತಿಲ್ಲದೆ ಕೇಳಿದ್ದು ಇದೇ ಮೊದಲು.

ನೀನು ಬರೆಯುತ್ತಿದ್ದೀಯೆಂದು ಮೂರು ಚುಕ್ಕಿ ಕುಣಿದವು.
ನಿಂತವು.
ಮತ್ತೆ ಕುಣಿದವು.
ಫಿಗಾರಿಯ ದೀಪ ಒಮ್ಮೆ ಹಡಗಿನ ಮೈ ಸವರಿ
ಹಿಂದೆ ಸರಿಯಿತು.
ಕೆಳಗಿನಿಂದ ಯಾರೋ ನನ್ನ ಹೆಸರು ಕೂಗಿದರು.